ರೈಲಿನ ಫೋಟೋ, ಕೆಂಪು ಧೂಳು ಮತ್ತು ಕತ್ತರಿ

ರೈಲಿನ ಫೋಟೋ ತೆಗೆಯುವ ಹುಚ್ಚು ಇರುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ಫೋಟೋ ತೆಗೆಯುವುದು ಅರ್ಧ ಕೆಲಸ. ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತಾಗ ಉಳಿದರ್ಧ ಶುರು. ಎಡಗಡೆಯ ಕಂಬ ಬೇಕೋ ಬೇಡವೋ? ಆಕಾಶ ಬೆಳ್ಳಗೆ ಹೊಡೆದಿದೆ, ಸ್ವಲ್ಪ ನೀಲಿ ಹಚ್ಚೋಣವೇ? ಇಂಜಿನ್ನಿನ ಪಕ್ಕ ಯಾರೋ ಚೀಲ ಹೊತ್ತು ನಿಂತಿದ್ದಾರೆ, ಅವರನ್ನು ಅಳಿಸಿಬಿಟ್ಟರೆ ಚಿತ್ರ ಎಷ್ಟು ಚೊಕ್ಕಟ ಅಲ್ಲವೇ? ಈಗಂತೂ ಮೊಬೈಲಿನಲ್ಲೇ ಬೆರಳಾಡಿಸಿದರೆ ಸಾಕು, ಮನುಷ್ಯ ಮಾಯ!

ಹೊಸಪೇಟೆ, ಹಂಪಿ, ಸಂಡೂರು ಸುತ್ತ ಹಲವು ವರ್ಷ ಕ್ಯಾಮೆರಾ ಹಿಡಿದು ತಿರುಗಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಫೋಟೋ ತಿದ್ದುವುದು ತಪ್ಪಲ್ಲ, ನಾನೂ ತಿದ್ದುತ್ತೇನೆ. ಆದರೆ ನಮ್ಮ ಸೀಮೆಯ ಚಿತ್ರಗಳಲ್ಲಿ ಚರಿತ್ರೆ ಕೂತಿರುವುದು ಹೆಚ್ಚಾಗಿ ಅಂಚಿನಲ್ಲಿ. ಚೆಂದಕ್ಕೆಂದು ನಾವು ಮೊದಲು ಕತ್ತರಿಸಿ ಎಸೆಯುವುದೂ ಅಂಚನ್ನೇ. ಹೇಗೆ ಅಂತ ಹೇಳುತ್ತೇನೆ, ಕೊಂಚ ಹಿಂದಿನಿಂದ ಬರೋಣ.

ರಥದ ಮೇಲಿನ ಗೋಪುರ

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೇನೆಯ ಅಧಿಕಾರಿ ಹಂಪಿಯ ಫೋಟೋಗಳನ್ನು ತೆಗೆದ. ಅದೇ ವರ್ಷ ಜುಲೈ 1ರಂದು ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಮದ್ರಾಸಿನ ರಾಯಪುರಂನಿಂದ ಹೊರಟಿತು. ಹೊಸಪೇಟೆಗೆ ರೈಲು ಬರಲು ಇನ್ನೂ 28 ವರ್ಷ ಬಾಕಿ ಇತ್ತು. ಗ್ರೀನ್‌ಲಾ ಬಳಸಿದ್ದು ಮೇಣ ಸವರಿದ ಕಾಗದದ ನೆಗೆಟಿವ್. ಆಗ ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಅಷ್ಟೇ ದೊಡ್ಡದು, ಹಾಗಾಗಿ ಕ್ಯಾಮೆರಾ ಕೂಡ ಭಾರೀ ಗಾತ್ರದ್ದು. ಬೆಳಕು ಬೀಳಿಸಲು ನಿಮಿಷಗಟ್ಟಲೆ ಬೇಕು. ಮೊದಲೇ ನೋಡಿ, ನಿಂತು, ಜಾಗ ಆರಿಸಿಯೇ ತೆಗೆಯಬೇಕು. ನಮ್ಮ ಹಾಗೆ ಟಪಟಪ ಅಂತ ನಲವತ್ತು ಹೊಡೆದು ಒಂದು ಆರಿಸುವ ಹಾಗಿಲ್ಲ.

ಆ ನೆಗೆಟಿವ್‌ಗಳು ಬಹುಕಾಲ ಯಾರ ಕಣ್ಣಿಗೂ ಬೀಳದೆ ಇದ್ದವು. ಅವು ಮತ್ತೆ ಸಿಕ್ಕ ಮೇಲೆ, 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಹಂಪಿಗೆ ಬಂದು ಗ್ರೀನ್‌ಲಾ ಕ್ಯಾಮೆರಾ ಇಟ್ಟಿದ್ದ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಫೋಟೋ ತೆಗೆದರು. 2008ರಲ್ಲಿ ಎರಡೂ ಜೊತೆಜೊತೆಯಾಗಿ ಪುಸ್ತಕವಾಗಿ ಬಂದವು.

ಗ್ರೀನ್‌ಲಾನ ಚಿತ್ರದಲ್ಲಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವೊಂದು ಇದೆ! ಈಗ ಅದಿಲ್ಲ. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂಬದಿ ನೋಡಿ, ಅಲ್ಲಿರುವುದು ಗೋಪುರವಿಲ್ಲದ ರಥ. ಇವತ್ತು ಕಲ್ಲಿನ ರಥ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಅದೇ. ಗ್ರೀನ್‌ಲಾ ಒಂದು ವೇಳೆ, ಈ ಮುರುಕಲು ಇಟ್ಟಿಗೆ ಯಾಕೆ, ಕೆಳಗಿನ ಕಲ್ಲಿನ ಕೆತ್ತನೆಯೊಂದೇ ಚೆಂದ ಅಂತ ಹತ್ತಿರ ಹೋಗಿ ಅಷ್ಟನ್ನೇ ತೆಗೆದಿದ್ದರೆ? ಆ ಗೋಪುರ ಇತ್ತು ಎಂಬುದಕ್ಕೆ ಇಷ್ಟು ಒಳ್ಳೆಯ ಸಾಕ್ಷಿ ನಮ್ಮ ಕೈಗೆ ಸಿಗುತ್ತಿರಲಿಲ್ಲ.

ತಿದ್ದುವುದು ಕಂಪ್ಯೂಟರಿನ ಕಾಲದ ಚಟವಲ್ಲ

ಹಾಗಂತ ಆಗಿನವರೆಲ್ಲ ಸತ್ಯಹರಿಶ್ಚಂದ್ರರು, ನಾವು ಮಾತ್ರ ಫೋಟೋಶಾಪ್ ಕಳ್ಳರು ಅಂದುಕೊಳ್ಳಬೇಡಿ. ಗ್ರೀನ್‌ಲಾನ ಕಾಲದಲ್ಲೇ ಫ್ರಾನ್ಸಿನಲ್ಲಿ ಎದುವಾರ್ ಬಾಲ್ದ್ಯೂ ಎಂಬ ಛಾಯಾಗ್ರಾಹಕನಿದ್ದ. 1855ರಲ್ಲಿ ವಿಕ್ಟೋರಿಯಾ ರಾಣಿ ಪ್ಯಾರಿಸ್‌ಗೆ ಭೇಟಿ ಕೊಟ್ಟಾಗ ಅಲ್ಲಿನ ಉತ್ತರ ರೈಲ್ವೆ ಕಂಪನಿ ತನ್ನ ದಾರಿಯ ಫೋಟೋಗಳ ಆಲ್ಬಮ್ ಒಂದನ್ನು ಉಡುಗೊರೆಯಾಗಿ ಕೊಡಲು ಮಾಡಿಸಿತು. ಮಾಡಿದವನು ಇವನೇ. ರೈಲ್ವೆ ಛಾಯಾಗ್ರಹಣದ ಮೊದಮೊದಲ ದೊಡ್ಡ ಕೆಲಸಗಳಲ್ಲಿ ಅದೂ ಒಂದು. ಈ ಬಾಲ್ದ್ಯೂ ಹಲವು ನೆಗೆಟಿವ್‌ಗಳನ್ನು ಕತ್ತರಿಸಿ, ಅಂಟಿಸಿ, ಒಂದೇ ಚಿತ್ರ ಮಾಡುವುದರಲ್ಲಿ ನಿಪುಣ. ಬೇಡವಾದದ್ದನ್ನು ಕುಂಚದಿಂದ ಮುಚ್ಚುವುದೂ ಅವನಿಗೆ ಗೊತ್ತಿತ್ತು.

ನಮ್ಮ ಕಡೆಯ ಉದಾಹರಣೆ ಲಿನಿಯಸ್ ಟ್ರೈಪ್. 1856ರಿಂದ ಮದ್ರಾಸ್ ಸರ್ಕಾರದ ಅಧಿಕೃತ ಛಾಯಾಗ್ರಾಹಕ. ಇವನು ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಮೋಡ ಬರೆಯುತ್ತಿದ್ದ. ಯಾಕೆಂದರೆ ಆ ಕಾಲದ ಕಾಗದಕ್ಕೆ ನೀಲಿ ಬಣ್ಣ ಕಂಡರೆ ಅತಿ ಪ್ರೀತಿ, ಕೆಂಪು ಕಂಡರೆ ಆಗದು. ನೀಲಿ ಆಕಾಶ ಬಿಳಿ ಹಾಳೆಯಂತೆ ಖಾಲಿ ಬೀಳುತ್ತಿತ್ತು, ಕೆಂಪು ಮಣ್ಣು ಕಪ್ಪಗೆ ಕಾಣುತ್ತಿತ್ತು. ಕಣ್ಣು ಕಂಡದ್ದನ್ನು ಕ್ಯಾಮೆರಾ ಕಾಣಲಿಲ್ಲ, ಅದಕ್ಕೆ ಕೈಯಿಂದ ತುಂಬಿಕೊಂಡ.

ಹಾಗಾದರೆ ತಿದ್ದುವುದರಲ್ಲಿ ಎರಡು ಬಗೆ. ಕ್ಯಾಮೆರಾ ಕಳೆದುಕೊಂಡದ್ದನ್ನು ಮರಳಿ ತರುವುದು ಒಂದು. ಕ್ಯಾಮೆರಾ ಕಂಡದ್ದನ್ನು ನೋಡುವವರಿಂದ ಬಚ್ಚಿಡುವುದು ಇನ್ನೊಂದು. ಎರಡಕ್ಕೂ ಬಳಸುವ ಕುಂಚ ಒಂದೇ, ಕೆಲಸ ಬೇರೆ.

ಬರಗಾಲ ಹಾಕಿದ ಹಳಿ

ಈಗ ನಮ್ಮ ರೈಲಿಗೆ ಬರೋಣ. ಹೊಸಪೇಟೆಗೆ ರೈಲು ಬಂದದ್ದು 1884ರಲ್ಲಿ, ಬಳ್ಳಾರಿ ಕಡೆಯಿಂದ, ಮೀಟರ್ ಗೇಜ್ ಹಳಿಯ ಮೇಲೆ. ತಂದದ್ದು ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ. ಹಂಪಿ ನೋಡಲು ಬರುವ ದೊರೆಗಳಿಗಾಗಿ ಹಾಕಿದ ಹಳಿ ಅಲ್ಲ ಇದು. ಇದರ ಹಿಂದೆ ಇದ್ದದ್ದು 1876ರಿಂದ 78ರವರೆಗಿನ ಧಾತು ಈಶ್ವರ ಬರ. ಬಳ್ಳಾರಿ ಜಿಲ್ಲೆ ಆ ಬರದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಒಂದು. ರೈಲು ಇದ್ದಲ್ಲಿಗೆ ಧಾನ್ಯ ಬಂತು, ಅಲ್ಲಿಂದಾಚೆಯ ಹಳ್ಳಿಗಳಿಗೆ ಎತ್ತಿನ ಗಾಡಿಯೇ ಗತಿ. ಎತ್ತುಗಳೂ ಮೇವಿಲ್ಲದೆ ಸಾಯುತ್ತಿದ್ದವು. ಮತ್ತೆ ಹೀಗಾಗಬಾರದು ಎಂದು ಯೋಚಿಸಿದ ಬರಪರಿಹಾರದ ಹಳಿಗಳಲ್ಲಿ ನಮ್ಮದೂ ಒಂದು.

ಆ ಬರದ ಫೋಟೋಗಳು ಇವತ್ತಿಗೂ ಸಿಗುತ್ತವೆ. ಹೆಚ್ಚು ಪ್ರಸಿದ್ಧವಾದವು ಮದ್ರಾಸ್ ಸೇನೆಯ ವಿಲೋಬಿ ವ್ಯಾಲೇಸ್ ಹೂಪರ್ ತೆಗೆದವು. ನೋಡಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಎಲುಬಿನ ಹಂದರವಾದ ಗಂಡಸರು, ಹೆಂಗಸರು, ಮಕ್ಕಳು. ಆದರೆ ಇನ್ನೊಮ್ಮೆ ನೋಡಿ. ಅವರನ್ನು ಸಾಲಾಗಿ ಕೂರಿಸಿದ್ದಾನೆ. ಹಿಂದಿನ ಸಾಲು ನಿಂತಿದೆ, ಮುಂದಿನ ಸಾಲು ಕೂತಿದೆ, ಥೇಟ್ ಸ್ಟುಡಿಯೋದ ಗ್ರೂಪ್ ಫೋಟೋ. ಚಿತ್ರ 'ಚೆನ್ನಾಗಿ ಕೂರಲಿ' ಎಂದು ಯಾರೋ ಸಾಯುತ್ತಿರುವವರಿಗೆ ಸ್ವಲ್ಪ ಈಚೆ ಬಾ, ಆಚೆ ಸರಿ ಅಂದಿರಬೇಕಲ್ಲ! ಚೌಕಟ್ಟಿನಲ್ಲಿ ಯಾರನ್ನು ಎಲ್ಲಿ ಇಡಬೇಕು ಎಂಬುದು ಬರೀ ಚೆಂದದ ಲೆಕ್ಕವಲ್ಲ ಎಂದು ನನಗೆ ಮೊದಲು ಅರ್ಥ ಮಾಡಿಸಿದ್ದು ಈ ಚಿತ್ರಗಳು.

ದೂರದ ಅಮೆರಿಕದಲ್ಲೂ ಇದೇ ಕತೆ. 1869ರ ಮೇ 10ರಂದು ಅಲ್ಲಿನ ಪೂರ್ವ ಪಶ್ಚಿಮಗಳ ಹಳಿ ಪ್ರೊಮಂಟರಿ ಎಂಬಲ್ಲಿ ಕೂಡಿತು. ಆಂಡ್ರ್ಯೂ ರಸೆಲ್ ತೆಗೆದ ಫೋಟೋ ಜಗತ್ಪ್ರಸಿದ್ಧ. ಎರಡು ಇಂಜಿನ್ನು ಮುಖಾಮುಖಿ, ನಡುವೆ ಇಬ್ಬರ ಕೈಕುಲುಕು, ಸುತ್ತ ಜನಜಂಗುಳಿ. ಪಶ್ಚಿಮದ ಕಡೆಯ ಹಳಿಯನ್ನು ಬೆಟ್ಟ ಕಡಿದು ಹಾಕಿದ ಸಾವಿರಾರು ಚೀನೀ ಕೂಲಿಗಳು ಮಾತ್ರ ಅದರಲ್ಲಿ ಕಾಣುವುದಿಲ್ಲ. 2014ರಲ್ಲಿ ಕಾರ್ಕಿ ಲೀ ಎಂಬ ಛಾಯಾಗ್ರಾಹಕ ಆ ಕೂಲಿಗಳ ವಂಶಸ್ಥರನ್ನು ಅದೇ ಜಾಗದಲ್ಲಿ ಸೇರಿಸಿ ಫೋಟೋ ತೆಗೆದರು. ಒಂದು ಚೌಕಟ್ಟಿನ ಬಾಕಿ ತೀರಿಸಲು 145 ವರ್ಷ!

ಮದುವೆ ದಿಬ್ಬಣದ ಹಿಂದೆ ಏನಿದೆ?

ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಹಳೇ ಕಪ್ಪು ಬಿಳುಪು ಫೋಟೋ ಇದೆ. ಮದುವೆ ದಿಬ್ಬಣ ಪ್ಲಾಟ್‌ಫಾರ್ಮ್ ಮೇಲೆ ನಿಂತಿದೆ. ಹಿಂದೆ ರೈಲುಡಬ್ಬಿ, ಮೂಲೆಯಲ್ಲಿ ಅರ್ಧ ಊರಿನ ಬೋರ್ಡು, ಒಬ್ಬ ಹಮಾಲಿ. ಮನೆಯ ಹುಡುಗನೊಬ್ಬ ಅದನ್ನು ಸ್ಕ್ಯಾನ್ ಮಾಡಿ, ಹಿನ್ನೆಲೆ ಅಳಿಸಿ, ಬಣ್ಣ ತುಂಬಿ ಎಲ್ಲರ ಮೊಬೈಲಿಗೂ ಕಳಿಸಿದ. ಸೀರೆಗಳಿಗೆ ಒಳ್ಳೇ ಬಣ್ಣ ಬಂತು, ಎಲ್ಲರಿಗೂ ಖುಷಿ. ನನಗೆ ಮಾತ್ರ ಹೊಟ್ಟೆ ಚುರುಕ್ ಅಂದಿತು. ಅದು ಮೀಟರ್ ಗೇಜ್ ಗಾಡಿ ಕಣ್ರೀ! ಹುಬ್ಬಳ್ಳಿ ಕಡೆಯ ಆ ಹಳಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು, ಮತ್ತೆ ನೋಡಬೇಕೆಂದರೆ ಇಂಥ ಫೋಟೋಗಳಲ್ಲೇ ನೋಡಬೇಕು. ಪುಣ್ಯಕ್ಕೆ ಅಸಲು ಪ್ರಿಂಟು ಆಲ್ಬಮ್‌ನಲ್ಲಿ ಹಾಗೇ ಇದೆ.

ಹಿನ್ನೆಲೆ ಓದಲು ಬಂದರೆ ತಾರೀಕಿಲ್ಲದ ಫೋಟೋಗೂ ಸುಮಾರಾಗಿ ಕಾಲ ಹೇಳಬಹುದು. ಹಳಿಗಳ ನಡುವಿನ ಅಗಲ ನೋಡಿ. ಮೀಟರ್ ಗೇಜ್ ಅಂದರೆ 1000 ಮಿಲಿಮೀಟರ್, ಬ್ರಾಡ್ ಗೇಜ್ 1676. ಪಕ್ಕದಲ್ಲಿ ಮನುಷ್ಯ ನಿಂತಿದ್ದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಡಬ್ಬಿ ಇಂಜಿನ್ನುಗಳ ಮೇಲಿನ ಅಕ್ಷರ ನೋಡಿ. 1908ರಿಂದ ಈ ದಾರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಕಂಪನಿಯದು. 1951ರ ಏಪ್ರಿಲ್ 14ರಿಂದ ದಕ್ಷಿಣ ರೈಲ್ವೆ, ಆಮೇಲೆ ದಕ್ಷಿಣ ಮಧ್ಯ ರೈಲ್ವೆ, 2003ರ ಏಪ್ರಿಲ್ 1ರಿಂದ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡ ನೈರುತ್ಯ ರೈಲ್ವೆ. ಡಬ್ಬಿಗಳು ಊರೂರು ಸುತ್ತುತ್ತವೆ, ಹಾಗಾಗಿ ಅಕ್ಷರ ಒಂದನ್ನೇ ನಂಬಬೇಡಿ, ಬೇರೆ ಗುರುತಿನ ಜೊತೆ ತಾಳೆ ನೋಡಿ.

ಊರ ಬೋರ್ಡಿನ ಇಂಗ್ಲಿಷ್ ಸಾಲಿನಲ್ಲಿ ಹಾಸ್ಪೆಟ್ ಎಂದಿದ್ದರೆ ಹಳೆಯದು. 2014ರ ನವೆಂಬರ್ 1ರಂದು ಸರ್ಕಾರ ಊರಿನ ಹೆಸರನ್ನು ಹೊಸಪೇಟೆ ಎಂದೇ ಬದಲಿಸಿತು. ತಲೆ ಮೇಲೆ ವಿದ್ಯುತ್ ತಂತಿ ಇದ್ದರೆ ತೀರಾ ಈಚಿನದು. ಹೊಸಪೇಟೆ-ಹುಬ್ಬಳ್ಳಿ-ತಿನೈಘಾಟ್ ದಾರಿಯ ವಿದ್ಯುದೀಕರಣ 2023ರ ಮಾರ್ಚ್ 12ರಂದು ಲೋಕಾರ್ಪಣೆಯಾಯಿತು. ಹಂಪಿಯ ಸ್ಮಾರಕಗಳನ್ನು ಹೋಲುವಂತೆ ರೂಪಿಸಿದ ಹೊಸಪೇಟೆ ನಿಲ್ದಾಣವೂ ಅವತ್ತೇ.

ಈಗ ಪಟ್ಟಿ ಮಾಡಿ ನೋಡಿ. ಕಂಬ, ತಂತಿ, ಬೋರ್ಡು, ಹಳಿ, ಮೂಲೆಯ ಹಮಾಲಿ. ಫೋಟೋ 'ಚೊಕ್ಕಟ' ಮಾಡುವವರು ಮೊದಲು ಅಳಿಸುವ ಪಟ್ಟಿಯೂ ಇದೇ!

ಕೆಂಪು ಧೂಳನ್ನು ಕ್ಯಾಮೆರಾ ತೊಳೆದಾಗ

ಸಂಡೂರಿನ ಕಡೆ ಫೋಟೋ ತೆಗೆಯುವವರಿಗೆ ಇನ್ನೊಂದು ಸಂಕಟ. ಅಲ್ಲಿ ಕಬ್ಬಿಣದ ಅದಿರು, ಮ್ಯಾಂಗನೀಸ್. ಹಳಿ ಪಕ್ಕದ ಗಿಡ, ಮನೆಯ ಗೋಡೆ, ವ್ಯಾಗನ್, ಕೆಲಸಗಾರರ ಅಂಗಿ, ಎಲ್ಲದರ ಮೇಲೂ ಕೆಂಪು. ಡಿಜಿಟಲ್ ಕ್ಯಾಮೆರಾಕ್ಕೆ ಇದು ಗೊತ್ತಾಗುವುದಿಲ್ಲ. ಎಲ್ಲೆಲ್ಲೂ ಕೆಂಪು ಕಂಡರೆ ಬೆಳಕಿನಲ್ಲೇ ಏನೋ ಐಬಿದೆ ಅಂದುಕೊಂಡು ತಾನೇ 'ಸರಿ' ಮಾಡಿಬಿಡುತ್ತದೆ. ಅದಕ್ಕೆ ಆಟೋ ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ಫೋಟೋದಲ್ಲಿ ಮಣ್ಣು ಕಂದು, ಎಲೆ ಹಸಿರು. ಮೇಲೆ ಮಂಜು ತೆಗೆಯುವ ಗುಂಡಿ ಒತ್ತಿದರೆ ಗಾಳಿಯಲ್ಲಿದ್ದ ಧೂಳೂ ಹೋಯಿತು.

ಚಿತ್ರ ನೋಡಲು ಬಲು ಚೆಂದ. ಆದರೆ 2003ರ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿ, ರಸ್ತೆಯುದ್ದ ಲಾರಿ ಸಾಲು ನಿಂತು, ಜನ ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದ ವರ್ಷಗಳಿಗೆ ಆ ಧೂಳೇ ಸಾಕ್ಷಿ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆ ಕಾಲದ ಫೋಟೋದಿಂದ ಕೆಂಪು ತೆಗೆದರೆ ಉಳಿಯುವುದು ಒಂದು ಗೂಡ್ಸ್ ಗಾಡಿ, ಅಷ್ಟೇ. ನಾನಂತೂ ಸಂಡೂರಿನ ಕಡೆ ಹೋದಾಗ ವೈಟ್ ಬ್ಯಾಲೆನ್ಸನ್ನು 'ಬಿಸಿಲು' ಎಂಬಲ್ಲಿಗೆ ಕಟ್ಟಿಹಾಕುತ್ತೇನೆ. ಕೆಂಪು ಕೆಂಪಾಗಿಯೇ ಬರುತ್ತದೆ. ಹೇಳಿದರೆ ನಂಬಿ, ಚಿತ್ರದ ಬಲವೂ ಅದರಿಂದಲೇ ಹೆಚ್ಚುತ್ತದೆ.

ಇನ್ನೊಂದು ಗುಟ್ಟು. ಅದಿರಿನ ವ್ಯಾಗನ್ ನೆಲಮಟ್ಟದಿಂದ ತೆಗೆದರೆ ತುಂಬಿದೆಯೋ ಖಾಲಿಯೋ ತಿಳಿಯುವುದಿಲ್ಲ. ಅದಿರು ಬಲು ತೂಕ, ಅಂಚಿನವರೆಗೆ ತುಂಬುವುದೇ ಇಲ್ಲ. ಎತ್ತರಕ್ಕೆ ಹತ್ತಬೇಕು, ರಸ್ತೆ ಸೇತುವೆಯೋ ಗುಡ್ಡವೋ. ಆಗ ಐವತ್ತಕ್ಕೂ ಹೆಚ್ಚು ವ್ಯಾಗನ್‌ಗಳ ತಳದಲ್ಲಿ ಅದಿರಿನ ಗುಪ್ಪೆಗಳು ಸಾಲಾಗಿ ಕಾಣುತ್ತವೆ. ಎಲ್ಲಿ ನಿಂತಿದ್ದೀರಿ ಎಂಬುದರಿಂದಲೇ ಚಿತ್ರ ಏನು ಹೇಳುತ್ತದೆ ಎಂಬುದು ತೀರ್ಮಾನ.

ಸಂಡೂರು ಎಂದ ಮೇಲೆ ಎಂ.ವೈ. ಘೋರ್ಪಡೆ ಅವರ ಹೆಸರು ಹೇಳದೆ ಮುಂದೆ ಹೋಗಬಾರದು. ರಾಜಮನೆತನದವರು, ದೇವರಾಜ ಅರಸರ ಕಾಲದಲ್ಲಿ ಹಣಕಾಸು ಮಂತ್ರಿ, ಅದಕ್ಕಿಂತ ಹೆಚ್ಚಾಗಿ ನಮ್ಮಂಥವರಿಗೆ ಕಪ್ಪು ಬಿಳುಪಿನ ವನ್ಯಜೀವಿ ಛಾಯಾಗ್ರಾಹಕರು. ಅವರು ತೀರಿಕೊಂಡದ್ದು 2011ರಲ್ಲಿ. 1983ರಲ್ಲಿ ಬಂದ ಅವರ ಪುಸ್ತಕದ ಹೆಸರೇ 'ಸನ್‌ಲೈಟ್ ಅಂಡ್ ಶ್ಯಾಡೋಸ್', ಅಂದರೆ ಬಿಸಿಲು ನೆರಳು. ಆನೆಯ ಚಿತ್ರ ತೆಗೆಯುವವರಿಗೂ ರೈಲಿನ ಚಿತ್ರ ತೆಗೆಯುವವರಿಗೂ ಬೇಕಾದ ಪಾಠ ಆ ಹೆಸರಿನಲ್ಲೇ ಇದೆ. ಬೆಳಕು ಬರುವವರೆಗೆ ಕಾಯುವುದು, ಮನೆಗೆ ಬಂದು ಬೆಳಕು ಹಚ್ಚುವುದಲ್ಲ.

ನಮ್ಮ ಹಳಿ ಪಶ್ಚಿಮಕ್ಕೆ ಗದಗ, ಹುಬ್ಬಳ್ಳಿ, ಲೋಂಡಾ ದಾಟಿ ದೂಧ್‌ಸಾಗರದ ಪಕ್ಕದಲ್ಲೇ ಗೋವಾಕ್ಕೆ ಇಳಿಯುತ್ತದೆ. ಅಲ್ಲಿ ಹಾಲಿನಂಥ ಜಲಪಾತದ ಮುಂದೆ ರೈಲು ನಿಂತ ಫೋಟೋ ನೋಡದ ಕನ್ನಡಿಗರಿಲ್ಲ. ಮುರ್ಮುಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಬರುವುದೂ ಇದೇ ದಾರಿಯಲ್ಲಿ. ಅದೇ ಗೂಡ್ಸ್ ಗಾಡಿ, ದೂಧ್‌ಸಾಗರದಲ್ಲಿ ಸಾವಿರ ಕ್ಯಾಮೆರಾ, ತೋರಣಗಲ್ಲಿನಲ್ಲಿ ಒಂದೂ ಇಲ್ಲ!

ನಾನು ಮಾಡುವುದು ಇಷ್ಟು

ಬಳ್ಳಾರಿ, ಹೊಸಪೇಟೆ, ಕೊಪ್ಪಳ ದಾರಿ ಹೆಚ್ಚುಕಡಿಮೆ ಪೂರ್ವ ಪಶ್ಚಿಮ. ಬೆಳಿಗ್ಗೆ ಬಳ್ಳಾರಿ ಕಡೆ ಹೋಗುವ ಗಾಡಿಯ ಮುಖಕ್ಕೆ ಬಿಸಿಲು, ಸಂಜೆ ಗದಗ ಕಡೆ ಹೋಗುವ ಗಾಡಿಗೆ. ಚಳಿಗಾಲದಲ್ಲಿ ಹಳಿಯ ದಕ್ಷಿಣಕ್ಕೆ ನಿಂತರೆ ದಿನವಿಡೀ ಬೆಳಕು. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ, ಆಗ ಲೆಕ್ಕ ತಿರುವುಮುರುವು. ಗಾಡಿ ಹೋಗುವ ದಿಕ್ಕಿನಲ್ಲಿ ಜಾಗ ಬಿಡಿ, ಇಲ್ಲದಿದ್ದರೆ ಗೋಡೆಗೆ ಗುದ್ದಿದಂತೆ ಕಾಣುತ್ತದೆ. ಇಂಜಿನ್ನಿನ ನೆತ್ತಿಯಿಂದ ಕಂಬ ಮೊಳೆತಂತೆ ಕಂಡರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಕಂಬ ಅಳಿಸಬೇಕಿಲ್ಲ. ಒಬ್ಬ ಕುರಿ ಕಾಯುವವನೋ ಗೇಟ್‌ಮನ್ನೋ ಚೌಕಟ್ಟಿನಲ್ಲಿದ್ದರೆ ಗಾಡಿಯ ಗಾತ್ರ ತಿಳಿಯುತ್ತದೆ. ಅವರನ್ನು ಕೇಳಿಯೇ ತೆಗೆಯಿರಿ. ಹಳಿ ಮೇಲೆ ಮಾತ್ರ ಇಳಿಯಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲಿದೆ, ತಲೆ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ.

ಮನೆಗೆ ಬಂದ ಮೇಲೆ ಓರೆಯಾದ ದಿಗಂತ ನೆಟ್ಟಗೆ ಮಾಡುತ್ತೇನೆ, ನೆರಳಿನಲ್ಲಿ ಮುಳುಗಿದ ಚಕ್ರಗಳನ್ನು ಮೇಲೆತ್ತುತ್ತೇನೆ, ಬೇಕಾದರೆ ಅಂಚು ಕತ್ತರಿಸುತ್ತೇನೆ. ಆದರೆ ಅಸಲು ಕಡತ ಮುಟ್ಟುವುದಿಲ್ಲ. ಪ್ರತಿ ಚಿತ್ರಕ್ಕೂ ಎರಡು ಪ್ರತಿ, ಒಂದು ನೋಡುವವರಿಗೆ, ಇನ್ನೊಂದು ಮುಂದೆ ಹುಡುಕುವವರಿಗೆ. ಜೊತೆಗೆ ಊರು, ತಾರೀಕು, ಯಾವ ದಿಕ್ಕಿಗೆ ನೋಡುತ್ತ ನಿಂತಿದ್ದೆ ಎಂಬ ಒಂದು ಸಾಲು.

ಹಂಪಿಯ ಕಲ್ಲಿನ ರಥದ ಪಕ್ಕದಲ್ಲೇ ರೈಲು ಓಡುವ ಚಿತ್ರ ಬೇಕಾದರೆ ಈಗ ಕಂಪ್ಯೂಟರಿಗೆ ಹೇಳಿದರೆ ಅರ್ಧ ನಿಮಿಷದಲ್ಲಿ ಬರೆದುಕೊಡುತ್ತದೆ. 2008ರಲ್ಲಿ ಶುರುವಾದ ಗೋಲ್ಡನ್ ಚಾರಿಯಟ್ ರೈಲಿಗೆ ಹೆಸರು ಬಂದದ್ದು ಆ ರಥದಿಂದಲೇ. ಆದರೂ ಅದರಲ್ಲಿ ಬಂದವರು ಸಹ ಹೊಸಪೇಟೆಯಲ್ಲಿ ಇಳಿದು ರಸ್ತೆಯಲ್ಲೇ ಹಂಪಿಗೆ ಹೋಗಬೇಕು. ಹಂಪಿಯ ಗುಡಿಗಳ ನಡುವೆ ಹಳಿ ಇಲ್ಲ. ಇಲ್ಲದ ಹಳಿಯನ್ನು ಚಿತ್ರದಲ್ಲಿ ಹಾಕಿದರೆ ಐವತ್ತು ವರ್ಷದ ಮೇಲೆ ಯಾರೋ ಅದನ್ನೇ ನಂಬುತ್ತಾರೆ.

ಕಂಪ್ಲಿ ಎಲ್ಲಿ?

ಇಷ್ಟೆಲ್ಲ ಹೇಳಿದೆ, ಕಂಪ್ಲಿಯ ಸುದ್ದಿಯೇ ಬರಲಿಲ್ಲ ನೋಡಿ. ವಿಜಯನಗರಕ್ಕೂ ಮೊದಲು ಕಂಪಿಲರಾಯ ಆಳಿದ, ಕುಮಾರರಾಮನ ಕತೆಯಲ್ಲಿ ಬರುವ ಊರು. ತುಂಗಭದ್ರೆಯ ದಂಡೆ, ಭತ್ತದ ಸೀಮೆ. ಡ್ಯಾಮಿನಿಂದ ನೀರು ಬಿಟ್ಟಾಗ ಗಂಗಾವತಿ ದಾರಿಯ ಸೇತುವೆ ಮುಳುಗಿ ಪೇಪರಿನಲ್ಲಿ ಫೋಟೋ ಬರುವ ಊರು. ಆದರೆ ಊರಲ್ಲಿ ರೈಲು ನಿಲ್ದಾಣವಿಲ್ಲ. ಹಾಗಾಗಿ ರೈಲಿನ ಯಾವ ಆಲ್ಬಮ್‌ನಲ್ಲೂ ಕಂಪ್ಲಿ ಇಲ್ಲ.

ಅಂದರೆ ನಾವು ಕತ್ತರಿ ಹಿಡಿಯುವ ಮೊದಲೇ ಹಳಿ ಹಾಕಿದವರು ಒಮ್ಮೆ ಕತ್ತರಿಸಿದ್ದಾರೆ. ಹಳಿ ಹೋದ ಊರು ಚೌಕಟ್ಟಿನೊಳಗೆ, ಹೋಗದ ಊರು ಆಚೆಗೆ. ಅದಾದ ಮೇಲೆ ಉಳಿದಷ್ಟನ್ನಾದರೂ ನಾವು ಉಳಿಸಿಕೊಳ್ಳಬೇಡವೇ?

ನಿಮ್ಮ ಮನೆಯ ಟ್ರಂಕಿನಲ್ಲಿ, ಹಳೇ ಆಲ್ಬಮ್‌ನಲ್ಲಿ ಇಂಥ ಫೋಟೋ ಇದ್ದರೆ ಹೊರಗೆ ತೆಗೆಯಿರಿ. ಅಂಚಿನ ಸಮೇತ ಸ್ಕ್ಯಾನ್ ಮಾಡಿ, ಹಿಂಬದಿಯ ಬರಹವನ್ನೂ ಮಾಡಿ. ಅದರಲ್ಲಿರುವವರ ಹೆಸರು ಹೇಳಬಲ್ಲ ಅಜ್ಜ ಅಜ್ಜಿ ಇನ್ನೂ ಇದ್ದರೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ಬಣ್ಣ ತುಂಬುವುದು, ಹಿನ್ನೆಲೆ ತಿದ್ದುವುದು ಆಮೇಲೆ ಯಾವಾಗ ಬೇಕಾದರೂ ಆದೀತು.